ಮಧ್ಯಂತರವಿಲ್ಲದ ಸಂಜೆ

ಪದವಿ ಪಡೆದ ನಂತರದ ಎರಡು ವರ್ಷಗಳಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ವಾಕ್ಯಗಳನ್ನು ಸಿದ್ಧಪಡಿಸುವುದು. ಯಾರನ್ನಾದರೂ ನೌಕರಿಗಾಗಿ ಕಾಣಲು ಹೋಗುವ ಮುನ್ನ, ಪುಣೆಯಲ್ಲಿ ನಾವಿದ್ದ ವಠಾರದಂಥ ಚಾಳಿನ ಗ್ಯಾಲರಿಯಲ್ಲಿ ನಿಂತು, ಹೇಳಬೇಕಾದುದನ್ನು ಇಂಗ್ಲಿಷಿನಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ಆ ವ್ಯಕ್ತಿ ನಮ್ಮ ಕಡೆಯವರಾಗಿದ್ದರೆ ಕನ್ನಡದಲ್ಲೊಮ್ಮೆ ಕಟ್ಟಿ ಬಾಯಿಪಾಠ ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವನು ನಾನೊಬ್ಬನೇ. ನಾನು ತಪ್ಪು ಮಾತಾಡಿದರೆ ಆ ತಪ್ಪು ನನ್ನೊಬ್ಬನದಾಗಿ ಉಳಿಯದೆ, ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಂತು ನನ್ನನ್ನು ಓದಿಸಿದ ಅಪ್ಪನದೂ ಆಗುತ್ತದೆಂಬ ಭಯ ನನಗೆ ಸದಾ ಇತ್ತು.

ಆ ಕಾರ್ಖಾನೆ ದೀಪಾವಳಿಯ ಹೊತ್ತಿಗೆ ಮುಚ್ಚಲಿತ್ತು. ಅಪ್ಪ ಅದನ್ನು ಮನೆಯಲ್ಲಿ ಒಂದೇ ಒಂದು ಸಲ ಹೇಳಿದರು, ಊಟಕ್ಕೆ ಕೂತಾಗ, ಉಪ್ಪು ಕೇಳುವ ಧ್ವನಿಯಲ್ಲಿ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಇಬ್ಬರೂ ನನ್ನತ್ತ ನೋಡಲಿಲ್ಲ. ಅವರು ನೋಡಿದ್ದರೆ ಒಳ್ಳೆಯದಿತ್ತು. ಏನಾದರೂ ಉತ್ತರ ಕೊಡಬಹುದಿತ್ತು. ನಾನು ತಟ್ಟೆಯೊಳಗೇ ಕಣ್ಣಿಟ್ಟು ಉಂಡೆ.

ಅದೇ ವಾರ, ಟೆಂಪೋ ಓಡಿಸುವ ಅಪ್ಪನ ಗೆಳೆಯರೊಬ್ಬರು ಸುದ್ದಿ ತಂದರು. ಅವರು ಮಾಲು ಒಯ್ಯುವ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಒಬ್ಬ ಕೆಮಿಸ್ಟ್ ಕೆಲಸ ಬಿಟ್ಟಿದ್ದಾನೆ. ಆ ಜಾಗಕ್ಕೆ ಅಲ್ಲಿಯ ಮುಖ್ಯಸ್ಥರು ಯಾರ ಹೆಸರು ಹೇಳುತ್ತಾರೋ ಅವರೇ ಗಟ್ಟಿ. ಮುಖ್ಯಸ್ಥರು ಧಾರವಾಡ ಕಡೆಯವರು, ಕೊಂಢವಾದಲ್ಲಿ ಮನೆ. ನನ್ನದು ರಸಾಯನಶಾಸ್ತ್ರದ ಪದವಿ. ಎರಡು ವರ್ಷಗಳಲ್ಲಿ ನಾನು ಓದಿದ್ದಕ್ಕೂ ಸಿಗಬಹುದಾದ ಕೆಲಸಕ್ಕೂ ಸಂಬಂಧವಿದ್ದದ್ದು ಅದೇ ಮೊದಲು. ಇದು ತಪ್ಪಿದರೆ ಮುಂದೇನು ಎಂಬುದನ್ನು ಯೋಚಿಸುವ ಧೈರ್ಯ ನನಗಿರಲಿಲ್ಲ.

ದಸರೆಯ ಸಂಜೆ ನಮ್ಮ ಕಡೆಯ ಜನ ಸೇರಿದ್ದ ಸಭಾಗೃಹದಲ್ಲಿ ಅಪ್ಪ ನನ್ನನ್ನು ಆ ಮುಖ್ಯಸ್ಥರ ಮುಂದೆ ಒಯ್ದು ನಿಲ್ಲಿಸಿದರು. ನಾನು ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಬನ್ನಿ ಕೊಟ್ಟ ಕೈಯಿಂದಲೇ ಬೇಡುವುದು ನಮ್ಮಲ್ಲಿ ಒಳ್ಳೆಯ ನಡತೆಯಲ್ಲ. ಆದ್ದರಿಂದ, “ಸರ್, ತಮ್ಮೊಂದಿಗೆ ಒಂದು ವಿಷಯ ಮಾತಾಡುವುದಿತ್ತು” ಎಂದಷ್ಟೇ ಹೇಳಿದೆ.

“ಇಲ್ಲಿ ಬ್ಯಾಡ್ರಿ, ಮಂದಿ ಭಾಳ ಅದಾರ,” ಎಂದರು ಅವರು. ನಲವತ್ತು ದಾಟಿದವರು, ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ. “ಬರೂ ರವಿವಾರ ಸಂಜಿಗೆ ಕ್ಯಾಂಪಿನ್ಯಾಗ ನಮ್ಮದೊಂದು ಗಾಯನದ ಕಾರ್ಯಕ್ರಮ ಅದ. ಅಲ್ಲೇ ಬರ್ರಿ, ಮಾತಾಡೂಣು. ನಾನೂ ಬಾರಸಾಂವ ಇದ್ದೀನಿ.”

“ಸರ್, ತಾವು ಏನು ಬಾರಿಸುತ್ತೀರಿ?”

“ಗಿಟಾರ್‌ರಿ. ದಪ್ಪ ತಂತೀದು.”

ನಾನು ಭಾವಗೀತೆಗಳನ್ನು ಕಲ್ಪಿಸಿಕೊಂಡೆ. ದೀಪದ ಸಮೆ ಹಚ್ಚುವುದು, ಸ್ವಾಗತ ಭಾಷಣ, ಮೊದಲ ಸಾಲಿನಲ್ಲಿ ಹಿರಿಯರು, ನಡುವೆ ಮಧ್ಯಂತರ, ಚಹಾ. ಪುಣೆಯಲ್ಲಿ ನಾಟಕವಿರಲಿ, ಗಾಯನವಿರಲಿ, ಮಧ್ಯಂತರ ಇದ್ದೇ ಇರುತ್ತದೆ. ಜನ ಎದ್ದು ಹೊರಗೆ ಬರುತ್ತಾರೆ, ಬಟಾಟೆ ವಡೆ ತಿನ್ನುತ್ತಾರೆ, ಹುಡುಗಿ ನೋಡುವ ಮಾತಿನಿಂದ ಹಿಡಿದು ವರ್ಗಾವಣೆಯ ಮಾತಿನವರೆಗೆ ಎಲ್ಲವೂ ಆ ಹೊತ್ತಿನಲ್ಲೇ ನಡೆಯುತ್ತವೆ. ನನ್ನ ಮಾತೂ ಅಲ್ಲೇ ನಡೆಯುವುದೆಂದು ಲೆಕ್ಕ ಹಾಕಿಕೊಂಡೆ.

ರವಿವಾರ ಅವ್ವ ಶೇಂಗಾ ಹೋಳಿಗೆ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದಳು. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗಬಾರದೆಂಬುದು ಅವಳ ಕಟ್ಟಳೆ. ನಾನು ಕಾಲೇಜಿನ ಕೊನೆಯ ವರ್ಷ ಹೊಲಿಸಿದ ಬಿಳಿ ಅಂಗಿ ತೊಟ್ಟು, ಬೂಟು ಉಜ್ಜಿ, ಎರಡು ಬಸ್ಸು ಬದಲಿಸಿ ದಂಡಿನ ಬಡಾವಣೆಯಾದ ಕ್ಯಾಂಪಿಗೆ ಬಂದೆ. ಹೇಳಿದ ಜಾಗ ಒಂದು ಹಳೆಯ ಬಂಗಲೆಯ ಮೇಲಂತಸ್ತು. ಮೆಟ್ಟಿಲ ಬಾಯಲ್ಲಿ ನಿಂತಿದ್ದ ದಷ್ಟಪುಷ್ಟ ಕಾವಲಿನವನು ಡಬ್ಬಿಯನ್ನು ಬೆರಳಿನಿಂದ ಬಡಿದು, “ಹೇ ಕಾಯ್ ಆಹೇ?” ಎಂದು, ಇದೇನೆಂದು ಕೇಳಿದ.

“ಶೇಂಗದಾಣ್ಯಾಚೀ ಪೋಳೀ,” ಎಂದೆ ನಾನು, ಉಚ್ಚಾರ ತಪ್ಪದಂತೆ.

ಅವನು ಮುಚ್ಚಳ ತೆಗೆಸಿ ಮೂಸಿ ನೋಡಿದ. ಆಮೇಲೆ ಮೇಲಕ್ಕೆ ಮುಖವೆತ್ತಿ, ಊಟ ಕಟ್ಟಿಕೊಂಡು ಬಂದವನೊಬ್ಬ ಬಂದಿದ್ದಾನೆ ನೋಡಿರೋ ಎಂದು ಮರಾಠಿಯಲ್ಲಿ ಕೂಗಿದ. ಮೆಟ್ಟಿಲ ಮೇಲೆ ಕೂತಿದ್ದವರು ನಕ್ಕರು. ಒಬ್ಬ, “ನಮಗೂ ಒಂದೊಂದು ತುಂಡು ಇರಲಿ, ದೇವರೇ!” ಎಂದು ಕೈ ಒಡ್ಡಿದ. ನಾನೂ ನಕ್ಕೆ. ನಗದಿದ್ದರೆ ಒಳಗೆ ಬಿಡಲಿಕ್ಕಿಲ್ಲ ಎನಿಸಿತು.

ಮೇಲೆ ಹೋಗಿ ಮೊದಲು ಚಪ್ಪಲಿಗಳ ರಾಶಿ ಎಲ್ಲಿದೆಯೆಂದು ಹುಡುಕಿದೆ. ಇರಲಿಲ್ಲ. ಕುರ್ಚಿಗಳೂ ಇರಲಿಲ್ಲ, ಜಮಖಾನೆಯೂ ಇರಲಿಲ್ಲ. ತಗ್ಗು ಚಾವಣಿಯ ಕೋಣೆ, ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು, ಸದ್ದು ಹೊರಹೋಗದಂತೆ ಗೋಡೆಗೆ ತತ್ತಿ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದರು. ಸುಮಾರು ನೂರು ಜನ ನಿಂತೇ ಇದ್ದರು, ಹೆಚ್ಚಿನವರು ನನ್ನ ವಯಸ್ಸಿನವರು, ಹರಕು ಪ್ಯಾಂಟು ಹಾಕಿಕೊಂಡವರು; ಅದು ಬಡತನದ ಹರಕಲ್ಲ ಎಂಬುದು ಅವರ ಹಲ್ಲು ನೋಡಿದರೆ ತಿಳಿಯುತ್ತಿತ್ತು. ಇಂಥ ಜಾಗಗಳು ಆಗ ಪುಣೆಯಲ್ಲಿ ಅಲ್ಲೊಂದು ಇಲ್ಲೊಂದು ಹುಟ್ಟುತ್ತಿದ್ದವು. ಸಿನಿಮಾ ಹಾಡಲ್ಲ, ಹೆಸರಾದವರ ಹಾಡಲ್ಲ, ತಾವೇ ಬರೆದು ತಾವೇ ರಾಗ ಕಟ್ಟಿದ ಹಾಡುಗಳನ್ನು ಹಾಡುವ ಸಣ್ಣ ತಂಡಗಳು ಅಲ್ಲಿಗೆ ಬರುತ್ತಿದ್ದವು. ಆ ಸಂಜೆ ನಾಲ್ಕು ತಂಡಗಳಿದ್ದವು. ಮುಖ್ಯಸ್ಥರ ತಂಡ ಮೂರನೆಯದು.

ಅವರು ಬಾಗಿಲ ಹತ್ತಿರವೇ ನಿಂತಿದ್ದರು. ಇಸ್ತ್ರಿ ಅಂಗಿಯ ಬದಲು ಕಪ್ಪು ಬನಿಯನ್, ಅದರ ಮೇಲೆ ಏನೋ ಚಿತ್ರ. ಮೀಸೆ ಇರದಿದ್ದರೆ ಗುರುತು ಸಿಗುತ್ತಿರಲಿಲ್ಲ.

“ಬಂದ್ರೇನ್ರಿ? ಭಾಳ ಛಲೋ ಆತು! ಇಲ್ಲೇ ನಿಂದರ್ರಿ, ಇಲ್ಲಿ ಆವಾಜು ಚಂದ ಬರ್ತದ,” ಎಂದು ತಮ್ಮ ಪಕ್ಕಕ್ಕೇ ಎಳೆದುಕೊಂಡರು.

ನಾನು ಉಸಿರು ಎಳೆದುಕೊಂಡು, ಸಿದ್ಧಪಡಿಸಿದ ವಾಕ್ಯಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ವೇದಿಕೆಯ ಮೇಲೆ ಡ್ರಮ್ಮಿನ ಹುಡುಗ ಎರಡು ಕೋಲುಗಳನ್ನು ಒಂದಕ್ಕೊಂದು ಬಡಿದ. ಹಾಡು ಶುರುವಾಯಿತು. ನಾನು ಬಾಯಿ ಮುಚ್ಚಿದೆ.

ಇದಕ್ಕೆ ಕಾರಣ ಹೇಳಬೇಕು. ಅಪ್ಪ ಲೇಥಿನವರಾದರೂ ಸಂಗೀತದ ಹುಚ್ಚಿನವರು. ಬಯಲಿನಲ್ಲಿ ನಡೆಯುವ ಗಾಯನಗಳಿಗೆ ನನ್ನನ್ನು ಸಣ್ಣಂದಿನಿಂದ ಒಯ್ಯುತ್ತಿದ್ದರು; ಎಲ್ಲಕ್ಕಿಂತ ಹಿಂದಿನ ಜಮಖಾನೆಯ ಮೇಲೆ ಕೂಡುತ್ತಿದ್ದೆವು. ಒಮ್ಮೆ, ಏಳೆಂಟು ವರ್ಷದವನಿದ್ದಾಗ, ಗಾಯಕರು ಆಲಾಪದಲ್ಲಿದ್ದ ಹೊತ್ತಿನಲ್ಲಿ ನೀರು ಬೇಕೆಂದೆ. ಅಪ್ಪ ತೊಡೆ ಚಿವುಟಿದರು, ಕಣ್ಣು ಮಾತ್ರ ವೇದಿಕೆಯ ಮೇಲೆಯೇ ಇತ್ತು. ಮಧ್ಯಂತರದವರೆಗೆ ನಾನು ಒಣ ನಾಲಿಗೆಯಲ್ಲಿ ಕೂತೆ. ಹೊರಗೆ ಬಂದ ಮೇಲೆ ಎರಡು ಲೋಟ ನೀರು ಕುಡಿಸಿ, “ಹಾಡು ನಡದಾಗ ಮಾತಾಡಿದ್ರ ಹಾಡಾವನ ಬಾಯಾಗ ಮಣ್ಣು ಹಾಕಿದಂಗ,” ಎಂದರು. ಮನೆಯಲ್ಲಿ ರೇಡಿಯೋದ ಮುಂದೆಯೂ ಅದೇ ನಿಯಮವಿತ್ತು. ಅದು ನನಗೆ ನಿಯಮವಾಗಿ ಉಳಿದಿರಲಿಲ್ಲ, ಮೈಗುಣವಾಗಿತ್ತು. ಸಂಗೀತ ಕೇಳಿದೊಡನೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಹಾಗಾಗಿ ಕಾದೆ. ಒಂದು ಹಾಡು ಮುಗಿದ ಕೂಡಲೇ ಅವರತ್ತ ತಿರುಗಿ, “ಸರ್, ತಾವು ಅನುಮತಿ ಕೊಟ್ಟರೆ—” ಎಂದೆ. ವಾಕ್ಯ ಅಲ್ಲಿಂದ ಇನ್ನೂ ಬಹಳ ದೂರ ಹೋಗಬೇಕಿತ್ತು: ತಮ್ಮ ಪ್ರಯೋಗಾಲಯದಲ್ಲಿ ತೆರವಾಗಿರುವ ಸ್ಥಾನಕ್ಕೆ, ಪ್ರಥಮ ದರ್ಜೆಯಲ್ಲಿ ಉತ್ತೀರ್ಣನಾದ ನನ್ನನ್ನು ತಾವು ಪರಿಗಣಿಸಬೇಕೆಂದು ವಿನಂತಿಸಿಕೊಳ್ಳಲು ಬಂದಿದ್ದೇನೆ, ಎಂಬಲ್ಲಿಯವರೆಗೆ. ಮತ್ತೆ ಕೋಲುಗಳು ಬಡಿದವು.

“ಕೊಟ್ಟೆ, ಕೊಟ್ಟೆ!” ಎಂದು ಅವರು ನಕ್ಕು, ವೇದಿಕೆಯತ್ತ ತಿರುಗಿದರು.

ಎರಡು ಹಾಡುಗಳ ನಡುವೆ ಸಿಗುತ್ತಿದ್ದ ಹೊತ್ತು ನನ್ನ ವಾಕ್ಯಕ್ಕೆ ಸಾಲುತ್ತಿರಲಿಲ್ಲ. ವಾಕ್ಯವನ್ನು ಮೊಟಕುಗೊಳಿಸಬಹುದಿತ್ತೆಂದು ಈಗ ಯಾರಾದರೂ ಹೇಳಬಹುದು. ಆಗ ಅದು ನನಗೆ ಬಟ್ಟೆಯಿಲ್ಲದೆ ನಿಂತಂತೆ ಕಾಣುತ್ತಿತ್ತು. ಅದಕ್ಕಿಂತ ಮಧ್ಯಂತರ ಬರಲಿ, ನಿರಾಳವಾಗಿ, ಪೂರ್ತಿಯಾಗಿ, ಗೌರವದಿಂದ ಹೇಳೋಣ ಎಂದುಕೊಂಡೆ. ಕಣ್ಣು ಮುಚ್ಚಿ, ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಮರೆತುಹೋಗದಿರಲೆಂದು ಮನಸ್ಸಿನಲ್ಲೇ ವಾಕ್ಯವನ್ನು ಮೊದಲಿನಿಂದ ಹೇಳಿಕೊಳ್ಳುತ್ತ ನಿಂತೆ. ಸದ್ದು ಎಷ್ಟಿತ್ತೆಂದರೆ ಡಬ್ಬಿಯ ಮುಚ್ಚಳ ಗಣಗಣ ನಡುಗುತ್ತಿತ್ತು.

ಕಣ್ಣು ತೆರೆದಾಗ ಅವರ ಇನ್ನೊಂದು ಪಕ್ಕದಲ್ಲಿ ಕೆಂಪು ಟೀಶರ್ಟಿನ ಹುಡುಗನೊಬ್ಬ ಬಂದು ನಿಂತಿದ್ದ. ಹಾಡು ಜೋರಾಗಿ ನಡೆದಿತ್ತು. ಅವನು ಎರಡೂ ಕೈಗಳನ್ನು ಬೋಗುಣಿಯಂತೆ ಮಾಡಿ ಅವರ ಕಿವಿಗೆ ಹಚ್ಚಿ ಒದರತೊಡಗಿದ. ಅವರು ತಲೆ ಬಾಗಿಸಿ ಕೇಳಿದರು, ತಾವೂ ಅವನ ಕಿವಿಯಲ್ಲಿ ಏನೋ ಒದರಿದರು. ಅವನು ಮತ್ತೆ ಒದರಿದ. ವೇದಿಕೆಯ ಮೇಲೆ ಒಬ್ಬಳು ಹುಡುಗಿ ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದಳು, ಇವನು ಅವಳಿಗೆ ಬೆನ್ನು ಮಾಡಿ ನಿಂತು ಮಾತಾಡುತ್ತಿದ್ದ. ನನಗೆ ಮೈ ಉರಿಯಿತು. ಎಂಥ ಮನೆಯಲ್ಲಿ ಬೆಳೆದವನಿರಬೇಕು ಎಂದುಕೊಂಡೆ. ಅವರು ಅವನ ಭುಜ ತಟ್ಟಿ ನಕ್ಕಿದ್ದು ಕಂಡು, ದೊಡ್ಡವರು, ಸಹಿಸಿಕೊಳ್ಳುತ್ತಾರೆ, ಎಂದುಕೊಂಡೆ.

ಮೊದಲನೆಯ ತಂಡ ಇಳಿಯಿತು, ಎರಡನೆಯದು ಏರಿತು. ದೀಪ ಹತ್ತಲಿಲ್ಲ, ಯಾರೂ ಹೊರಗೆ ಹೋಗಲಿಲ್ಲ. ಎರಡನೆಯ ತಂಡವೂ ಮುಗಿಯುತ್ತ ಬಂದಾಗ, ನನ್ನ ಮುಂದೆ ನಿಂತಿದ್ದ ಹುಡುಗಿಯೊಬ್ಬಳನ್ನು ಇಂಗ್ಲಿಷಿನಲ್ಲಿ, ವ್ಯಾಕರಣ ಸರಿಯಿರುವಂತೆ, ಮಧ್ಯಂತರ ಎಷ್ಟು ಹೊತ್ತಿಗೆ ಎಂದು ಕೇಳಿದೆ.

“ಇಂಟರ್ವಲ್?” ಅವಳು ಗೆಳತಿಯ ಕಡೆ ತಿರುಗಿ ಮರಾಠಿಯಲ್ಲಿ ಕೂಗಿದಳು. “ಏ, ಅಂಕಲ್‌ಗೆ ಇಂಟರ್ವಲ್ ಬೇಕಂತೆ! ಪಾಪ್‌ಕಾರ್ನ್ ತಂದುಕೊಡೇ!”

“ಡಬ್ಬಿ ತಂದಿದ್ದಾರಲ್ಲ, ಪಾಪ್‌ಕಾರ್ನ್ ಯಾಕೆ?” ಎಂದಳು ಗೆಳತಿ.

ನನಗಾಗ ಇಪ್ಪತ್ತಮೂರು. ಅಂಕಲ್ ಎಂದದ್ದು ನೋಯಲಿಲ್ಲ. ಮಧ್ಯಂತರ ಇಲ್ಲವೇ ಇಲ್ಲ ಎಂಬುದು ಆಗಷ್ಟೇ ಹೊಳೆಯಿತು. ಪಕ್ಕಕ್ಕೆ ತಿರುಗಿದೆ. ಅವರು ಅಲ್ಲಿರಲಿಲ್ಲ. ವೇದಿಕೆಯ ಮೇಲೆ ಮೊಣಕಾಲೂರಿ ಗಿಟಾರಿನ ವಾಯರು ಸಿಕ್ಕಿಸುತ್ತಿದ್ದರು.

ಅಲ್ಲಿಗೂ ನುಗ್ಗಬಹುದಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದೆ ಕೂಡ. ಆದರೆ ವಾದ್ಯ ಶ್ರುತಿ ಮಾಡುತ್ತಿರುವವರ ಮುಂದೆ ನಿಂತು ನೌಕರಿ ಕೇಳುವುದೇ? ನನ್ನ ಕಾಲುಗಳು ಅಲ್ಲೇ ನಿಂತವು. ಅವರ ತಂಡ ಹಾಡಿತು. ಮರಾಠಿಯೂ ಹಿಂದಿಯೂ ಬೆರೆತ ಹಾಡುಗಳು. ಜನ ಕುಣಿದರು, ಯಾರದೋ ಮೊಣಕೈ ನನ್ನ ಕನ್ನಡಕಕ್ಕೆ ಬಡಿಯಿತು, ಬಿಳಿ ಅಂಗಿಯ ಮೇಲೆ ಯಾರದೋ ಗ್ಲಾಸಿನ ಬಿಯರು ಚೆಲ್ಲಿತು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಆ ಬೆರಳುಗಳು ನಾಳೆ ಒಂದು ಹೆಸರು ಬರೆಯುತ್ತವೆ. ಹಾಡು ಬೇಗ ಮುಗಿಯಲಿ ಎಂದು ಬೇಡಿಕೊಂಡೆ. ಮುಗಿದರೆ ಅವರು ಹೋಗಿಬಿಡಬಹುದೆಂದು ನೆನಪಾಗಿ, ಮುಗಿಯದಿರಲಿ ಎಂದೂ ಬೇಡಿಕೊಂಡೆ.

ಮುಗಿಯಿತು. ಚಪ್ಪಾಳೆಯ ನಡುವೆ ಅವರು ಗಿಟಾರನ್ನು ಹೆಗಲಿಗೆ ಹಾಕಿಕೊಂಡು ವೇದಿಕೆಯ ಹಿಂದಿನ ಸಣ್ಣ ಬಾಗಿಲಿನಿಂದ ಇಳಿದುಹೋದರು. ನಾನು ಮುಂದಿನ ಮೆಟ್ಟಿಲುಗಳತ್ತ ಓಡಿದೆ. ಜನರನ್ನು ತಳ್ಳಿದೆ. ಕ್ಷಮಿಸಿ ಎನ್ನದೆ ಅಷ್ಟು ಜನರನ್ನು ನಾನೆಂದೂ ತಳ್ಳಿದವನಲ್ಲ. ಕೆಳಗೆ ಬಂದು, ಬಂಗಲೆ ಸುತ್ತಿ, ಹಿಂದಿನ ಓಣಿಗೆ ಬಿದ್ದೆ. ಅವರು ಒಂದು ಹಳೆಯ ವ್ಯಾನಿನ ಹಿಂಬಾಗಿಲು ತೆರೆದು ಸಾಮಾನು ಒಟ್ಟುತ್ತಿದ್ದರು. ತಂಡದ ಉಳಿದಿಬ್ಬರು ದೂರದಲ್ಲಿ ಸಿಗರೇಟು ಹಚ್ಚಿಕೊಂಡಿದ್ದರು.

“ಸರ್!”

“ಓಹೋ, ನೀವು!” ಅವರ ಮುಖ ಬೆವರಿನಿಂದ ಹೊಳೆಯುತ್ತಿತ್ತು. “ಹೆಂಗನಸ್ತು?”

ನಾನು ಡಬ್ಬಿಯನ್ನು ಮುಂದೆ ಚಾಚಿದೆ. ಅವರು ಮುಚ್ಚಳ ತೆಗೆದು, “ಅಯ್ಯ! ಶೇಂಗಾ ಹೋಳಗಿ!” ಎಂದು ಹುಡುಗನಂತೆ ಕೂಗಿ, ಅಲ್ಲಿಯೇ ವ್ಯಾನಿಗೆ ಆತು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಅವರ ಬಾಯಿ ತುಂಬಿದ್ದ ಹೊತ್ತಿನಲ್ಲಿ ನಾನು ಇಡೀ ವಾಕ್ಯವನ್ನು ಹೇಳಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಅವರು ಅಗಿಯುವುದನ್ನು ನಿಲ್ಲಿಸಿದರು.

“ಆ ಜಾಗಾ? ಕುರಕುಂಭದ್ದು?” ಎಂದರು. “ಅಲ್ರಿ, ಈಗ ತಾಸಿನ ಹಿಂದ ಹ್ಞೂಂ ಅಂದೆನಲ್ರಿ ಒಬ್ಬಾವಗ. ಆ ಕೆಂಪ ಅಂಗಿ ಹುಡುಗ. ನನ್ನ ಕಿವಿ ಹರಿಯೂ ಹಂಗ ಒದರಿ ಒದರಿ ಕೇಳಿದ. ಅವನೂ ಬಿ.ಎಸ್ಸಿ.ನ. ನಾಳೆ ಮುಂಜಾನೆ ಬಾ ಅಂದ್ಬಿಟ್ಟೆ.”

ನಾನು ಮೇಲಂತಸ್ತಿನ ಕಂಬಳಿ ಹೊದಿಸಿದ ಕಿಟಕಿಗಳತ್ತ ನೋಡಿದೆ.

“ನೀವು ನನ್ನ ಬಾಜೂಕ ಇದ್ರಲ್ಲ, ಎಷ್ಟ ಹೊತ್ತು! ಯಾಕ ಕೇಳಲಿಲ್ಲ?”

“ಹಾಡು ನಡೆದಿತ್ತಲ್ರಿ, ಸರ್.”

ಅವರು ಬೆರಳಿಗಂಟಿದ ಹೋಳಿಗೆಯ ಪುಡಿ ಒರೆಸಿಕೊಂಡರು. “ಕಣ್ಣ ಮುಚ್ಚಿ ನಿಂತಿದ್ರಿ,” ಎಂದರು. “ನಾ ನಮ್ಮ ಹುಡುಗರಿಗೆ ತೋರಿಸಿದೆ. ನೋಡ್ರಲೇ, ಕೇಳೂದಂದ್ರ ಹಿಂಗ ಕೇಳಬೇಕು ಅಂತ. ಇಂಥಾವರ್ನ ಮಾತಾಡಸಬಾರದು ಅಂತ ನಾನೂ ಸುಮ್ಮನಾದೆ.”

ನಿಜ ಹೇಳಬೇಕೆಂದರೆ ಆ ಸಂಜೆಯ ಒಂದು ಹಾಡಿನ ಒಂದು ಸಾಲೂ ನನ್ನ ಕಿವಿಯೊಳಗೆ ಹೋಗಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಕನ್ನಡಕ ಸರಿಪಡಿಸುವ ನೆಪದಲ್ಲಿ ಒರೆಸಿಕೊಂಡೆ. ಅವರು ಅದನ್ನು ಕಂಡಿರಬೇಕು. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಮಾತು ಕೊಟ್ಟಾಗ್ಯದರಿ, ತಿರುವಾಕ ಬರೂದಿಲ್ಲ,” ಎಂದರು. “ಒಂದು ಹೇಳತೀನಿ, ಸಿಟ್ಟಿಗೇಳಬ್ಯಾಡ್ರಿ. ಲ್ಯಾಬಿನ್ಯಾಗ ಗುತ್ತಿಗಿ ಮ್ಯಾಲೆ ಒಬ್ಬಾಂವ—”

“ಬರ್ತೀನ್ರಿ.”

“ಪೂರಾ ಕೇಳ್ರೆಲಾ! ಕೆಮಿಸ್ಟ್ ಅಲ್ಲ. ಬಾಟ್ಲಿ, ಬೀಕರು, ಎಲ್ಲಾ ಗಾಜಿನ ಸಾಮಾನು ತೊಳಿಯೂ ಕೆಲಸ. ಹತ್ತನೇತ್ತಾ ಪಾಸಾದವರನ್ನ—”

“ಬರ್ತೀನ್ರಿ, ಸರ್.”

“ಅಲ್ಲ, ನಿಮ್ಮ ಓದಿಗೆ ಅದು... ಆ ಹುಡುಗನ ಕೈಕೆಳಗ ಆಗ್ತದ, ಅವ ಹೇಳಿದ್ದು—”

“ಬರ್ತೀನಿ. ಯಾವಾಗ ಬರಬೇಕು ಹೇಳ್ರಿ.”

ಮೇಲೆ ನಾಲ್ಕನೆಯ ತಂಡ ಬಾರಿಸುತ್ತಿತ್ತು. ಡ್ರಮ್ಮಿನ ಪೆಟ್ಟು ಗೋಡೆಯಿಂದಿಳಿದು ವ್ಯಾನಿನ ತಗಡಿನಲ್ಲಿ ಕಂಪಿಸುತ್ತಿತ್ತು. ಅವರ ಮಾತಿನ ಮೇಲೆ, ಆ ಹಾಡಿನ ಮೇಲೆ, ನಾನು ಕೂಗಿ ಮಾತಾಡುತ್ತಿದ್ದೆ. ಸಿಗರೇಟಿನವರಿಬ್ಬರೂ ತಿರುಗಿ ನೋಡಿದರು.

“ಬುಧವಾರ,” ಎಂದರು ಅವರು, ಮೆಲ್ಲಗೆ. ಆಮೇಲೆ, ನನ್ನನ್ನು ನೋಡದೆ, “ಖಾಲಿ ಡಬ್ಬಿ ಅಲ್ಲೇ ಕೊಡ್ತೀನಿ,” ಎಂದರು.

ಮರಳುವ ಬಸ್ಸಿನಲ್ಲಿ ಕಿವಿಯೊಳಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಅಂಗಿಯ ಮೇಲಿನ ಕಲೆ ಒಣಗಿ ಅಂಟಾಗಿತ್ತು, ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡು ಸರಿದರು. ಇಡೀ ದಾರಿ ನಾನು ಇನ್ನೊಂದು ವಾಕ್ಯ ಕಟ್ಟುತ್ತಿದ್ದೆ. ಮನೆಯಲ್ಲಿ ಹೇಳಬೇಕಾದ ವಾಕ್ಯ. ಸುಳ್ಳಿರಬಾರದು, ಅಪ್ಪನಿಗೆ ಒಮ್ಮೆಲೇ ಪೆಟ್ಟು ಬೀಳಲೂಬಾರದು. ‘ಪ್ರಯೋಗಾಲಯ’ ಎಂಬ ಪದ ಮೊದಲು ಬರಲಿ, ‘ಗುತ್ತಿಗೆ’ ನಡುವೆ ಇರಲಿ, ‘ತೊಳೆಯುವುದು’ ಕಟ್ಟಕಡೆಗೆ, ‘ಸದ್ಯಕ್ಕೆ’ ಎಂಬುದರ ಜೊತೆಗೆ ಬರಲಿ. ಭೋಸರಿ ಬರುವ ಹೊತ್ತಿಗೆ ವಾಕ್ಯ ಚೆನ್ನಾಗಿಯೇ ಆಗಿತ್ತು.

ಅಪ್ಪ ಗ್ಯಾಲರಿಯಲ್ಲಿ ನಿಂತೇ ಇದ್ದರು. ನಾನು ಮೆಟ್ಟಿಲು ಹತ್ತುವುದನ್ನು ನೋಡಿದರೂ ಕೆಳಗಿಳಿದು ಬರಲಿಲ್ಲ.

“ಮಾತಾಡಿದೇನು?” ಎಂದರು.

“ಹ್ಞೂಂ, ಅಪ್ಪಾ.”

“ಏನಂದ್ರು?”

“ಬುಧವಾರದಿಂದ ಬಾ ಅಂದ್ರು. ಲ್ಯಾಬಿನ್ಯಾಗ. ಆದ್ರ ಅಪ್ಪಾ, ಸದ್ಯಕ್ಕ—”

ಅಪ್ಪ ನನ್ನ ಭುಜವನ್ನು ಹಿಡಿದರು. ಲೇಥಿನ ಎಣ್ಣೆ ಉಗುರಿನ ಸಂದಿಯಿಂದ ಎಂದೂ ಹೋಗದ ಕೈ ಅದು. ಒಳಗಿನಿಂದ ಅವ್ವ, “ಏನಾತು? ಏನಾತಂತ?” ಎಂದು ಕೇಳುತ್ತಿದ್ದಳು. ಅಪ್ಪ ನನ್ನನ್ನು ಬಿಟ್ಟು, ಗ್ಯಾಲರಿಯುದ್ದಕ್ಕೂ ಬರಿಗಾಲಲ್ಲಿ ದಡದಡ ನಡೆದು, ಪಕ್ಕದ ಮನೆಯ ಮರಾಠಿ ಮಾಸ್ತರರ ಕದ ತಟ್ಟಿದರು. ಆ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಕದ ತೆರೆದ ಕೂಡಲೇ ಅಪ್ಪ, ಆ ಹಾಡಿಗಿಂತ ಎತ್ತರದ ಧ್ವನಿಯಲ್ಲಿ, ಮುರುಕು ಮರಾಠಿಯಲ್ಲಿ, ತಮ್ಮ ಮಗ ಕೆಮಿಸ್ಟ್ ಆದನೆಂದು ಹೇಳುತ್ತಿದ್ದರು. ನನ್ನ ವಾಕ್ಯ ಇನ್ನೂ ಮುಗಿದಿರಲಿಲ್ಲ.